ಜಾಮೀನು ಸಹಿ: ಸಾಲ ಗೆಳೆಯನದು, ಹೊಣೆ ನಿಮ್ಮದೂ

‘ಬರೀ ಒಂದು ಸಹಿ, ಫಾರ್ಮಾಲಿಟಿಗಷ್ಟೇ. ಕಂತೆಲ್ಲ ನಾನೇ ಕಟ್ಟುತ್ತೇನೆ’ ಎಂದು ಸಹೋದ್ಯೋಗಿಯೋ ಬಾಲ್ಯದ ಗೆಳೆಯನೋ ಕೇಳಿದಾಗ ಆಗದು ಎನ್ನಲು ನಾಲಿಗೆ ಏಳುವುದಿಲ್ಲ. ತಿಂಗಳ ಸಂಬಳದ ನೌಕರರಿಗೆ, ಶಿಕ್ಷಕರಿಗೆ ಇಂಥ ಕೋರಿಕೆ ಹೆಚ್ಚು. ಪತ್ತಿನ ಸಹಕಾರ ಸಂಘಗಳೂ ಬ್ಯಾಂಕುಗಳೂ ಅವರ ಜಾಮೀನನ್ನೇ ಬಯಸುತ್ತವೆ. ಆದರೆ ಕಾನೂನಿನ ಕಣ್ಣಿನಲ್ಲಿ ‘ಫಾರ್ಮಾಲಿಟಿ ಸಹಿ’ ಎಂಬುದೇ ಇಲ್ಲ. ಸಾಲಗಾರ ತೀರಿಸದಿದ್ದರೆ ನಾನು ತೀರಿಸುತ್ತೇನೆ ಎಂದು ನೀವು ಬರೆದುಕೊಟ್ಟ ಕರಾರು ಅದು.

ಹೊಣೆ ಎಷ್ಟು?

ಜಾಮೀನಿನ ನಿಯಮಗಳು 1872ರ ಭಾರತೀಯ ಕರಾರು ಕಾಯ್ದೆಯ 126ರಿಂದ 147ರವರೆಗಿನ ಸೆಕ್ಷನ್‌ಗಳಲ್ಲಿವೆ. ಕರಾರಿನಲ್ಲಿ ಬೇರೆ ಷರತ್ತು ಇಲ್ಲದಿದ್ದರೆ ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ ಎನ್ನುತ್ತದೆ ಸೆಕ್ಷನ್ 128. ಅಸಲು, ಬಡ್ಡಿ, ಕರಾರಿನ ಪ್ರಕಾರ ಸೇರುವ ಇತರ ವೆಚ್ಚ ಎಲ್ಲವೂ ಇದರಲ್ಲಿ ಬರುತ್ತವೆ. ‘ಆ ಸಾಲದಿಂದ ನನಗೆ ಒಂದು ರೂಪಾಯಿಯೂ ಬಂದಿಲ್ಲ’ ಎಂಬ ವಾದ ನಿಲ್ಲದು. ಸಾಲಗಾರನಿಗೆ ಸಿಕ್ಕ ಪ್ರಯೋಜನವೇ ಜಾಮೀನಿಗೆ ಸಾಕಾದ ಪ್ರತಿಫಲ ಎನ್ನುತ್ತದೆ ಸೆಕ್ಷನ್ 127.

‘ಮೊದಲು ಸಾಲಗಾರನ ಆಸ್ತಿ ಹರಾಜು ಹಾಕಿ, ಆಮೇಲೆ ನನ್ನ ಬಳಿ ಬನ್ನಿ’ ಎನ್ನಬಹುದೇ? ಸಾಮಾನ್ಯವಾಗಿ ಇಲ್ಲ. 1968ರಲ್ಲಿ ಬ್ಯಾಂಕ್ ಆಫ್ ಬಿಹಾರ್ ವಿರುದ್ಧ ದಾಮೋದರ ಪ್ರಸಾದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿತು. ಸಾಲಗಾರನಿಂದ ವಸೂಲಿಗೆ ಮೊದಲು ಯತ್ನಿಸಿ ಎಂದು ಬ್ಯಾಂಕನ್ನು ತಡೆದರೆ ಜಾಮೀನಿನ ಉದ್ದೇಶವೇ ವಿಫಲವಾಗುತ್ತದೆ ಎಂಬುದು ನ್ಯಾಯಾಲಯದ ಕಾರಣ. ಸಾಲಗಾರ ಊರು ಬಿಟ್ಟು ಹೋದರೆ, ಕಾಯಂ ನೌಕರಿಯಲ್ಲಿರುವ ನಿಮ್ಮ ಮನೆಗೆ ನೋಟಿಸು ಮೊದಲು ಬರುವುದು ಇದಕ್ಕಾಗಿಯೇ.

ಗೆಳೆಯನ ಕಂಪನಿಯ ಸಾಲಕ್ಕೆ ವೈಯಕ್ತಿಕ ಜಾಮೀನು ನಿಂತವರು ಇನ್ನೂ ಎಚ್ಚರದಿಂದಿರಬೇಕು. ದಿವಾಳಿ ಸಂಹಿತೆಯಡಿ ಕಂಪನಿಯ ಪರಿಹಾರ ಯೋಜನೆಗೆ ಒಪ್ಪಿಗೆ ಸಿಕ್ಕ ಮಾತ್ರಕ್ಕೆ ಜಾಮೀನುದಾರ ಋಣಮುಕ್ತನಾಗುವುದಿಲ್ಲ ಎಂದು 2021ರಲ್ಲಿ ಲಲಿತ್ ಕುಮಾರ್ ಜೈನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಸಂಬಳ, ಮನೆಗೆ ಕೈ ಹಾಕಬಹುದೇ?

ಡಿಕ್ರಿ ಆದ ಮೇಲೆ ಸಂಬಳ ಜಪ್ತಿ ಸಾಧ್ಯ. ಆದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ ಸೆಕ್ಷನ್ 60 ಮೊದಲ 1,000 ರೂಪಾಯಿಯನ್ನೂ, ಉಳಿದದ್ದರ ಮೂರನೇ ಎರಡು ಭಾಗವನ್ನೂ ನಿಮಗೇ ಬಿಡುತ್ತದೆ. ಜಪ್ತಿಗೆ ಒಳಪಡುವ ಸಂಬಳ 31,000 ರೂ. ಇದ್ದರೆ ತಿಂಗಳಿಗೆ ಗರಿಷ್ಠ 10,000 ರೂ. ಹೋಗುತ್ತದೆ.

ಸಹಕಾರ ಸಂಘಗಳ ದಾರಿ ಬೇರೆ. ಸಂಘ ಮತ್ತು ಜಾಮೀನುದಾರರ ನಡುವಿನ ವ್ಯಾಜ್ಯ 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯ ಸೆಕ್ಷನ್ 70ರಡಿ ಸಹಕಾರ ಇಲಾಖೆಯ ಮುಂದೆ ಹೋಗುತ್ತದೆ. ಸಂಬಳದಲ್ಲಿ ಕಡಿತಕ್ಕೆ ಒಪ್ಪಿಗೆ ಪತ್ರ ಬರೆದುಕೊಟ್ಟಿದ್ದರೆ ಕಂತಿನ ಬಾಬ್ತು ವೇತನದಿಂದಲೇ ಮುರಿದುಕೊಳ್ಳಲು ಅವಕಾಶವಿದೆ.

ಮನೆಯನ್ನು ಅಡಮಾನ ಇಟ್ಟು ಜಾಮೀನು ನಿಂತಿದ್ದರೆ 2002ರ ಸರ್ಫೇಸಿ ಕಾಯ್ದೆ ನಿಮಗೂ ಅನ್ವಯಿಸುತ್ತದೆ. ಬ್ಯಾಂಕು 60 ದಿನಗಳ ನೋಟಿಸು ಕೊಡಬೇಕು. ನೀವು ಲಿಖಿತ ಆಕ್ಷೇಪಣೆ ಸಲ್ಲಿಸಿದರೆ, ಅದನ್ನು ಒಪ್ಪದ ಬ್ಯಾಂಕು 15 ದಿನಗಳಲ್ಲಿ ಕಾರಣ ತಿಳಿಸಬೇಕು. ಸ್ವಾಧೀನದಂಥ ಕ್ರಮ ಕೈಗೊಂಡ ಬಳಿಕ 45 ದಿನಗಳಲ್ಲಿ ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗಬಹುದು.

ಸಹಿಗೆ ಮುನ್ನ

- ಸಹ ಸಾಲಗಾರ ಎಂದು ಸಹಿ ಹಾಕುತ್ತಿದ್ದೀರೋ ಜಾಮೀನುದಾರ ಎಂದೋ ನೋಡಿಕೊಳ್ಳಿ. ಸಹ ಸಾಲಗಾರನಿಗೆ ಅದು ಸ್ವಂತ ಸಾಲವೇ. ಜಾಮೀನುದಾರನಿಗಿರುವ ವಿಶೇಷ ರಕ್ಷಣೆಗಳು ಅವನಿಗೆ ಸಿಗುವುದು ಕಷ್ಟ.
- ಖಾಲಿ ಪತ್ರಕ್ಕೆ ಸಹಿ ಹಾಕಬೇಡಿ, ಖಾಲಿ ಚೆಕ್ ಕೊಡಬೇಡಿ.
- ಹೊಣೆ ಇಂತಿಷ್ಟೇ ಮೊತ್ತಕ್ಕೆ ಎಂದು ಪತ್ರದಲ್ಲಿ ಬರೆಸಲು ಕೇಳಿ.
- ಕರಾರು ಕಾಯ್ದೆಯ 133, 134, 135, 139, 141ನೇ ಸೆಕ್ಷನ್‌ಗಳ ಹಕ್ಕು ಬಿಟ್ಟುಕೊಡುವ ಷರತ್ತು ಇದೆಯೇ ಹುಡುಕಿ. ಬ್ಯಾಂಕುಗಳ ಮುದ್ರಿತ ಪತ್ರಗಳಲ್ಲಿ ಇದು ಸಾಮಾನ್ಯ.
- ಸಹಿಯಾದ ಎಲ್ಲ ಪತ್ರಗಳ ಪ್ರತಿ ಪಡೆಯಿರಿ.
- ಮನೆಯವರಿಗೆ ತಿಳಿಸಿ. ನಿಮ್ಮ ಮರಣಾನಂತರವೂ, ಅದಾಗಲೇ ಕೊಟ್ಟ ಸಾಲದ ಹೊಣೆ ನೀವು ಬಿಟ್ಟುಹೋದ ಆಸ್ತಿಯ ಮಿತಿಯಲ್ಲಿ ವಾರಸುದಾರರ ಮೇಲೆ ಬರುತ್ತದೆ.

ಇಡೀ ಸಾಲವನ್ನು ನೀವೇ ತೀರಿಸಬೇಕಾಗಿ ಬಂದರೂ ಮನೆ ನಡೆದೀತು ಎಂಬ ಧೈರ್ಯವಿದ್ದರೆ ಮಾತ್ರ ಸಹಿ ಹಾಕಿ.

ನಿಮ್ಮ ಹಕ್ಕುಗಳು

ಸಹಿ ಹಾಕಿದವನಿಗೂ ಕಾನೂನಿನ ಆಸರೆ ಇದೆ. ನಿಮ್ಮ ಒಪ್ಪಿಗೆಯಿಲ್ಲದೆ ಸಾಲದ ಷರತ್ತು ಬದಲಿಸಿದರೆ ನಂತರದ ವ್ಯವಹಾರಗಳಿಗೆ ನೀವು ಹೊಣೆಯಲ್ಲ (ಸೆಕ್ಷನ್ 133). ಸಾಲಗಾರ ಒತ್ತೆ ಇಟ್ಟದ್ದನ್ನು ಬ್ಯಾಂಕು ನಿಮ್ಮ ಒಪ್ಪಿಗೆಯಿಲ್ಲದೆ ಬಿಟ್ಟುಕೊಟ್ಟರೆ, ಆ ಬೆಲೆಯಷ್ಟು ನಿಮ್ಮ ಹೊಣೆ ಇಳಿಯುತ್ತದೆ (141). ಮೇಲೆ ಹೇಳಿದ ಷರತ್ತಿಗೆ ಸಹಿ ಹಾಕಿದ್ದರೆ ಈ ಎರಡೂ ಕೈತಪ್ಪಬಹುದು. ಮುಖ್ಯ ಸಂಗತಿ ಮುಚ್ಚಿಟ್ಟು ಬ್ಯಾಂಕು ಪಡೆದ ಜಾಮೀನು ಸಿಂಧುವಲ್ಲ (143). ಓವರ್‌ಡ್ರಾಫ್ಟ್‌ನಂಥ ಸಾಲಕ್ಕೆ ಕೊಟ್ಟ ನಿರಂತರ ಜಾಮೀನನ್ನು ಮುಂದಿನ ವ್ಯವಹಾರಗಳ ಮಟ್ಟಿಗೆ ನೋಟಿಸು ಕೊಟ್ಟು ಹಿಂಪಡೆಯಬಹುದು (130). ಆದರೆ ಬ್ಯಾಂಕು ತಕ್ಷಣ ದಾವೆ ಹೂಡಲಿಲ್ಲ ಎಂಬಷ್ಟಕ್ಕೆ ಬಿಡುಗಡೆ ಸಿಗದು (137).

ಹಣ ಕಟ್ಟಿದ ಮೇಲೆ ಬ್ಯಾಂಕಿಗಿದ್ದ ಹಕ್ಕುಗಳೆಲ್ಲ ನಿಮಗೆ ಬರುತ್ತವೆ (140). ಕಟ್ಟಿದ್ದನ್ನು ಸಾಲಗಾರನಿಂದ ವಸೂಲು ಮಾಡಬಹುದು (145). ಜೊತೆಗೆ ಬೇರೆ ಜಾಮೀನುದಾರರಿದ್ದರೆ ಅವರಿಂದ ಸಮಪಾಲು ಕೇಳಬಹುದು (146). ಸಾಲಗಾರನ ವಿರುದ್ಧ ದಾವೆಗೆ ಹಣ ಕಟ್ಟಿದ ದಿನದಿಂದ 3 ವರ್ಷಗಳ ಗಡುವು. ಆದ್ದರಿಂದ ಬ್ಯಾಂಕಿನ ಮೂಲಕವೇ ಪಾವತಿಸಿ, ರಸೀದಿ ಕಾಯ್ದಿಡಿ.

ಸಾಲ ನಡೆಯುತ್ತಿರುವಾಗಲೂ ಕಣ್ಣಿಡಿ. ಸುಸ್ತಿಯಾದ ಸಾಲ ನಿಮ್ಮ ಸಿಬಿಲ್ ವರದಿಯಲ್ಲೂ ಕಾಣಬಹುದು. ವರ್ಷಕ್ಕೊಮ್ಮೆ ಪೂರ್ಣ ವರದಿ ಉಚಿತವಾಗಿ ಸಿಗುತ್ತದೆ. ವಸೂಲಿ ಏಜೆಂಟರು ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಬಾಕಿ ವಸೂಲಿಗೆ ಕರೆ ಮಾಡುವಂತಿಲ್ಲ, ಬೆದರಿಸುವಂತಿಲ್ಲ ಎಂದು ರಿಸರ್ವ್ ಬ್ಯಾಂಕು 2022ರಲ್ಲಿ ಸೂಚಿಸಿದೆ.

ನೋಟಿಸು ಬಂದರೆ ಬೀರುವಿನಲ್ಲಿಟ್ಟು ಮರೆಯಬೇಡಿ. ಗಡುವು ಮೀರಿದರೆ ಇರುವ ಹಕ್ಕೂ ಕೈತಪ್ಪುತ್ತದೆ. ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಕಾಣಿ, ಇಲ್ಲವೇ 15100ಕ್ಕೆ ಕರೆ ಮಾಡಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯದ ಮಿತಿಯಿಲ್ಲದೆ ಉಚಿತ ನೆರವು ಸಿಗುತ್ತದೆ. ಲೋಕ ಅದಾಲತ್‌ನಲ್ಲಿ ರಾಜಿಗೂ ಅವಕಾಶವಿದೆ.