ಮನೆಯ ನೀರು: ಉಳಿತಾಯವೂ ಆರೋಗ್ಯವೂ

ನೀರನ್ನು ಮಿತವಾಗಿ ಬಳಸಬೇಕೆಂಬುದನ್ನು ನಾವೆಲ್ಲರೂ ಬಲ್ಲೆವು. ಆದರೆ ಎಲ್ಲಿ ಮಿತಗೊಳಿಸಬೇಕು, ಎಲ್ಲಿ ಮಿತಗೊಳಿಸಲಾಗದು ಎಂಬ ವಿವೇಕವಿಲ್ಲದಿದ್ದರೆ ಆ ಉಳಿತಾಯವೇ ಮನೆಗೆ ಕಾಯಿಲೆಯನ್ನು ತರಬಲ್ಲುದು. ನಮ್ಮ ಬಯಲುಸೀಮೆಯ ಅನೇಕ ಊರುಗಳಲ್ಲಿ ನಲ್ಲಿಯ ನೀರು ದಿನವೂ ಬರುವುದಿಲ್ಲ. ಆದ್ದರಿಂದ ತೊಟ್ಟಿ, ಡ್ರಮ್ಮು, ಹಂಡೆ, ಕೊಡಗಳಲ್ಲಿ ನೀರು ತುಂಬಿಡುವುದು ಅನಿವಾರ್ಯ. ಈ ನೀರು ವ್ಯರ್ಥವಾಗದಂತೆಯೂ ಅದರಿಂದ ರೋಗ ಹುಟ್ಟದಂತೆಯೂ ನೋಡಿಕೊಳ್ಳುವ ಬಗೆಯನ್ನು ಇಲ್ಲಿ ವಿಚಾರ ಮಾಡೋಣ.

ಕಡಿಮೆ ಮಾಡಬಾರದ ನೀರು

ಕುಡಿಯುವ ನೀರಿನಲ್ಲಿಯೂ ಕೈ ತೊಳೆಯುವ ನೀರಿನಲ್ಲಿಯೂ ಜಿಪುಣತನ ಸಲ್ಲದು. ಕಡಿಮೆ ಕುಡಿದರೆ ಮೂತ್ರನಾಳದ ಸೋಂಕಿಗೂ ಮೂತ್ರಪಿಂಡದ ಹರಳಿಗೂ ದಾರಿಯಾಗುತ್ತದೆ. ಮೂತ್ರವು ತಿಳಿಹಳದಿ ಬಣ್ಣದ್ದಾಗಿದ್ದರೆ ದೇಹಕ್ಕೆ ಸಾಕಷ್ಟು ನೀರು ದೊರೆಯುತ್ತಿದೆ ಎಂದು ಸಾಮಾನ್ಯವಾಗಿ ತಿಳಿಯಬಹುದು. ಶೌಚದ ಬಳಿಕ, ಅಡುಗೆಗೆ ಮುನ್ನ ಮತ್ತು ಊಟಕ್ಕೆ ಮುನ್ನ ಸಾಬೂನಿನಿಂದ ಕೈ ತೊಳೆಯುವುದನ್ನು ಬಿಟ್ಟರೆ ಮಕ್ಕಳಿಗೆ ವಾಂತಿಭೇದಿ ತಗಲುವ ಸಂಭವ ಹೆಚ್ಚು. ಇಲ್ಲಿ ಉಳಿಸಬೇಕಾದದ್ದು ಒಂದೇ: ಸಾಬೂನು ಹಚ್ಚಿ 20 ಸೆಕೆಂಡು ಉಜ್ಜುವಷ್ಟು ಹೊತ್ತು ನಲ್ಲಿಯನ್ನು ನಿಲ್ಲಿಸಿದರೆ ಸಾಕು. ಶುಚಿತ್ವಕ್ಕೆ ಕೊರತೆಯಿಲ್ಲ, ನೀರಿಗೂ ನಷ್ಟವಿಲ್ಲ.

ಸೋರಿ ಹೋಗುವ ನೀರು

ಸೋರುವ ನಲ್ಲಿಯ ಕೆಳಗೆ 200 ಮಿಲಿಲೀಟರಿನ ಒಂದು ಲೋಟವನ್ನಿಟ್ಟು ನೋಡಬೇಕು. ಅದು ಹತ್ತು ನಿಮಿಷದಲ್ಲಿ ತುಂಬಿದರೆ ಗಂಟೆಗೆ 1.2 ಲೀಟರ್, ದಿನಕ್ಕೆ ಸುಮಾರು 29 ಲೀಟರ್ ನೀರು ಹೋಗುತ್ತಿದೆ ಎಂದರ್ಥ. ಜಲಜೀವನ ಮಿಷನ್ ಯೋಜನೆಯಲ್ಲಿ ಗ್ರಾಮೀಣ ಮನೆಗಳಿಗೆ ಗೊತ್ತುಪಡಿಸಿದ ಪ್ರಮಾಣ ತಲೆಗೆ ದಿನವೊಂದಕ್ಕೆ 55 ಲೀಟರ್. ಒಬ್ಬರ ಪಾಲಿನ ಅರ್ಧಕ್ಕಿಂತ ಹೆಚ್ಚು ನೀರು ಹೀಗೆ ಯಾರಿಗೂ ಉಪಯೋಗವಿಲ್ಲದೆ ಹರಿದುಹೋಗುತ್ತದೆ. ಬಹಳ ಸಲ ಸವೆದ ವಾಷರನ್ನು ಬದಲಿಸಿದರೆ ಈ ಸೋರಿಕೆ ನಿಲ್ಲುತ್ತದೆ.

ತುಂಬಿಟ್ಟ ನೀರು

ಡೆಂಗಿ ಮತ್ತು ಚಿಕೂನ್‌ಗುನ್ಯಾ ಜ್ವರಗಳನ್ನು ಹರಡುವ ಈಡಿಸ್ ಸೊಳ್ಳೆಯು ಮನೆಯಲ್ಲಿ ಸಂಗ್ರಹಿಸಿಟ್ಟ ತಿಳಿನೀರನ್ನೇ ಆರಿಸಿಕೊಳ್ಳುತ್ತದೆ. ಅದು ಕಚ್ಚುವುದು ಹೆಚ್ಚಾಗಿ ಹಗಲಿನಲ್ಲಿ. ತೊಟ್ಟಿಯ ಒಳಗೋಡೆಯಲ್ಲಿ, ನೀರಿನ ಮಟ್ಟಕ್ಕೆ ತುಸು ಮೇಲೆ ಮೊಟ್ಟೆಯಿಡುತ್ತದೆ. ನೀರು ಬತ್ತಿದರೂ ಆ ಮೊಟ್ಟೆಗಳು ತಿಂಗಳುಗಟ್ಟಲೆ ಉಳಿದು, ಮತ್ತೆ ನೀರು ತಾಗಿದಾಗ ಒಡೆಯುತ್ತವೆ. ಮೊಟ್ಟೆ ಒಡೆದು ಮರಿಹುಳುವಾಗಿ, ಸೊಳ್ಳೆಯಾಗಿ ಹಾರಲು ಬೆಚ್ಚನೆಯ ಹವೆಯಲ್ಲಿ ಏಳರಿಂದ ಹತ್ತು ದಿನ ಸಾಕು. ಆದಕಾರಣ ವಾರಕ್ಕೊಮ್ಮೆ ತೊಟ್ಟಿಯನ್ನು ಬರಿದು ಮಾಡಿ, ಗೋಡೆಗಳನ್ನು ಬ್ರಷ್ಷಿನಿಂದ ಉಜ್ಜಿ ಒಣಗಿಸುವುದು ಅವಶ್ಯ.

ಹಾಗಾದರೆ ಉಳಿದ ನೀರನ್ನು ಚೆಲ್ಲಬೇಕೆ? ಹೊಸ ನೀರು ಬಂದೊಡನೆ ಹಳೆಯದನ್ನು ಚರಂಡಿಗೆ ಸುರಿಯುವ ವಾಡಿಕೆ ಹಲವು ಮನೆಗಳಲ್ಲಿದೆ. ಅದರ ಬದಲಿಗೆ, ನೀರು ಬರುವ ಹಿಂದಿನ ದಿನವನ್ನೇ ತೊಟ್ಟಿ ತೊಳೆಯುವ ದಿನವೆಂದು ಗೊತ್ತುಮಾಡಿಕೊಳ್ಳೋಣ. ಆ ದಿನ ಬಟ್ಟೆ ಒಗೆಯುವ, ನೆಲ ಒರೆಸುವ, ಶೌಚಾಲಯ ತೊಳೆಯುವ ಕೆಲಸಗಳಿಗೆ ಉಳಿದ ನೀರನ್ನೇ ಬಳಸಿದರೆ ತೊಟ್ಟಿ ತಾನೇ ಬರಿದಾಗುತ್ತದೆ. ಮಿಕ್ಕ ದಿನಗಳಲ್ಲಿ ತೊಟ್ಟಿಗೆ ಬಿಗಿಯಾದ ಮುಚ್ಚಳವಿರಲಿ. ಮುಚ್ಚಳವಿಲ್ಲದಿದ್ದರೆ ಬಟ್ಟೆಯನ್ನು ಬಾಯಿಗೆ ಬಿಗಿದು ಕಟ್ಟಬೇಕು.

ಕುಡಿಯುವ ನೀರನ್ನು ಬೇರೆಯಾಗಿಯೇ ಇಡಬೇಕು. ಕೊಡದಲ್ಲಿ ಲೋಟವನ್ನೂ ಕೈಯನ್ನೂ ಅದ್ದದೆ ಉದ್ದ ಹಿಡಿಕೆಯ ಸೌಟಿನಿಂದ ತೆಗೆದುಕೊಳ್ಳುವುದು ಲೇಸು. ಶುದ್ಧತೆಯಲ್ಲಿ ಸಂಶಯವಿದ್ದರೆ ಚೆನ್ನಾಗಿ ಕುದಿ ಬಂದ ಮೇಲೆ ಒಂದು ನಿಮಿಷ ಕುದಿಸಿ, ಮುಚ್ಚಿಟ್ಟು ಆರಿಸಬೇಕು.

ಮತ್ತೆ ಬಳಸುವ ನೀರು

ಅಕ್ಕಿ, ಬೇಳೆ, ಕಾಯಿಪಲ್ಲೆ ತೊಳೆದ ನೀರು ಹಿತ್ತಲಿನ ಗಿಡಗಳಿಗೆ ಉತ್ತಮ. ಬಚ್ಚಲ ನೀರನ್ನು ಬಾಳೆ, ತೆಂಗುಗಳ ಬುಡಕ್ಕೆ ಹರಿಸಬಹುದು. ಆದರೆ ಹಸಿಯಾಗಿ ತಿನ್ನುವ ಸೊಪ್ಪಿಗೆ ಹಾಕಬಾರದು. ಗುಂಡಿಯಲ್ಲಿ ನಿಲ್ಲಿಸದೆ ಅಂದಂದೇ ನೆಲಕ್ಕೆ ಇಂಗಿಸಬೇಕು. ಆರ್‌ಒ ಯಂತ್ರವು ಹೊರಬಿಡುವ ನೀರಿನಲ್ಲಿ ಲವಣಾಂಶ ಹೆಚ್ಚು. ಅದನ್ನು ಕುಡಿಯಲು ಬಳಸಬಾರದು, ಗಿಡಗಳಿಗೂ ದಿನವೂ ಹಾಕಬಾರದು. ನೆಲ ಒರೆಸಲು, ಶೌಚಾಲಯಕ್ಕೆ ಅದು ಒದಗುತ್ತದೆ.

ಮಳೆಯ ನೀರು

ಒಂದು ಚದರ ಮೀಟರ್ ಮಾಳಿಗೆಯ ಮೇಲೆ ಒಂದು ಮಿಲಿಮೀಟರ್ ಮಳೆ ಸುರಿದರೆ ಒಂದು ಲೀಟರ್ ನೀರು ದೊರೆಯುತ್ತದೆ. ವರ್ಷಕ್ಕೆ 600 ಮಿಲಿಮೀಟರ್ ಮಳೆಯಾಗುವಲ್ಲಿ 100 ಚದರ ಮೀಟರಿನ ಮಾಳಿಗೆಯ ಮೇಲೆ 60,000 ಲೀಟರ್ ಬೀಳುತ್ತದೆ. ಐದರಲ್ಲಿ ಒಂದು ಪಾಲು ನಷ್ಟವಾದರೂ 48,000 ಲೀಟರ್ ಉಳಿಯುತ್ತದೆ. ಇದು ಕೇವಲ ಉಳಿತಾಯದ ಲೆಕ್ಕವಲ್ಲ. ಗದಗ, ಕೊಪ್ಪಳ, ಕೋಲಾರ, ತುಮಕೂರು, ಚಿತ್ರದುರ್ಗ ಮುಂತಾದ ಜಿಲ್ಲೆಗಳ ಹಲವೆಡೆ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಅಧಿಕವಾಗಿದ್ದು, ಹಲ್ಲಿಗೂ ಎಲುಬಿಗೂ ಕೇಡುಂಟುಮಾಡುತ್ತಿದೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ಮಳೆಯ ನೀರಿನಲ್ಲಾದರೋ ಅದು ಅತ್ಯಲ್ಪ. ಮಾಳಿಗೆಯನ್ನು ಗುಡಿಸಿ, ಮೊದಲ ಮಳೆಯನ್ನು ಹೊರಬಿಟ್ಟು, ಅನಂತರದ ನೀರನ್ನು ಸೋಸಿ, ಬೆಳಕು ಬೀಳದ ಮುಚ್ಚಿದ ತೊಟ್ಟಿಯಲ್ಲಿ ಸಂಗ್ರಹಿಸಿ, ಕುದಿಸಿ ಕುಡಿಯಬಹುದು. ಇಂತಹ ದೊಡ್ಡ ತೊಟ್ಟಿಯನ್ನು ವಾರವಾರ ಬರಿದು ಮಾಡಲಾಗದು. ಆದ್ದರಿಂದ ಸೊಳ್ಳೆ ನುಸುಳದಂತೆ ಅದರ ಕಿಂಡಿಗಳಿಗೆಲ್ಲ ಸಣ್ಣಕಣ್ಣಿನ ಜಾಲರಿಯನ್ನು ಹಾಕಲೇಬೇಕು.

ಇಷ್ಟನ್ನೂ ಒಂದೇ ದಿನದಲ್ಲಿ ಮಾಡಬೇಕಾಗಿಲ್ಲ. ಈ ವಾರ ಸೋರುವ ನಲ್ಲಿಯನ್ನು ಸರಿಪಡಿಸಿ ತೊಟ್ಟಿಗೆ ಮುಚ್ಚಳ ಹೊಂದಿಸೋಣ. ಮುಂದಿನ ವಾರದಿಂದ ತೊಟ್ಟಿ ತೊಳೆಯುವ ದಿನವನ್ನು ತಪ್ಪದೆ ಪಾಲಿಸೋಣ. ಮುಂಗಾರಿಗೆ ಮುನ್ನ ಮಾಳಿಗೆಯನ್ನು ಸಿದ್ಧಗೊಳಿಸೋಣ. ನೀರೂ ಉಳಿದು, ಮನೆಯವರ ಆರೋಗ್ಯವೂ ಉಳಿದಾಗಲೇ ಅದು ನಿಜವಾದ ಉಳಿತಾಯ.