ಸೆಕೆಂಡ್ ಹ್ಯಾಂಡ್ ಬೈಕು ಹುಡುಕುತ್ತಿರುವ ಅಳಿಯನಿಗೆ



ನಂಜನಗೂಡಿನಲ್ಲಿ ಕೆಲಸ ಸಿಕ್ಕಿದ ಸುದ್ದಿ ಕೇಳಿ ಮನೆಯಲ್ಲಿ ಎಲ್ಲರಿಗೂ ಸಂತೋಷವಾಗಿದೆ. ನೀನು ಕಳಿಸಿದ ಬೈಕಿನ ಫೋಟೋಗಳನ್ನೂ ನೋಡಿದೆ. 2020ರ ಮಾಡೆಲ್, 150 ಸಿಸಿ, ಟ್ಯಾಂಕು ಫಳಫಳ ಹೊಳೆಯುತ್ತಿದೆ, ಟೈರಿಗೂ ಪಾಲಿಶ್ ಹೊಡೆದಿದ್ದಾರೆ. ‘ಸಿಂಗಲ್ ಓನರ್, ಶೋರೂಂ ಕಂಡೀಷನ್, ಇವತ್ತೇ ಅಡ್ವಾನ್ಸ್ ಕೊಡದಿದ್ದರೆ ನಾಳೆ ಇರಲ್ಲ ಅಂತಾರೆ ಮಾವ’ ಎಂದು ಬರೆದಿದ್ದೀಯ. ಅಡ್ವಾನ್ಸ್ ಕೊಡಬೇಡ. ಆ ಬೈಕು ಹೋದರೆ ಹೋಗಲಿ. ಮೈಸೂರಿನಲ್ಲಿ ಮಾರಾಟಕ್ಕಿರುವ ಹಳೇ ಬೈಕಿಗೆ ಬರವಿಲ್ಲ. ನಿನ್ನ ವಯಸ್ಸಿನ ಹುಡುಗರು ಗಾಡಿ ಕೊಂಡುಬಿಟ್ಟ ಮೇಲೆ ಅದನ್ನು ತಳ್ಳಿಕೊಂಡು ನನ್ನ ಗ್ಯಾರೇಜಿಗೆ ಬರುತ್ತಾರೆ. ಕೊಳ್ಳುವ ಮುಂಚೆ ಬಂದಿದ್ದರೆ ಹೇಳಬಹುದಾಗಿದ್ದ ಮಾತುಗಳನ್ನು ನಿನಗೆ ಬಿಡಿಸಿ ಬರೆಯುತ್ತಿದ್ದೇನೆ.

ಹಳೇ ಬೈಕಿನ ಜೊತೆಗೆ ಹಿಂದಿನವನು ಅದನ್ನು ನಡೆಸಿಕೊಂಡ ರೀತಿಯೂ ಅವನು ಉಳಿಸಿದ ಬಾಕಿಯೂ ನಿನ್ನ ಮನೆಗೆ ಬರುತ್ತವೆ. ನಡೆಸಿಕೊಂಡ ರೀತಿ ಕಬ್ಬಿಣದಲ್ಲಿ ಕಾಣುತ್ತದೆ, ಬಾಕಿ ಕಾಗದದಲ್ಲಿ ಕಾಣುತ್ತದೆ. ಬಣ್ಣದಲ್ಲಿ ಎರಡೂ ಕಾಣುವುದಿಲ್ಲ.

ಕಾಗದದಿಂದಲೇ ಶುರು ಮಾಡು. ಗಾಡಿ ನೋಡಲು ಹೋಗುವ ಮುಂಚೆಯೇ ನಂಬರ್ ಕೇಳಿ ಎಂ-ಪರಿವಾಹನ್ ಆ್ಯಪಿನಲ್ಲಿ ಹಾಕು. ರಿಜಿಸ್ಟ್ರೇಷನ್ ತಾರೀಕು, ಇನ್ಶೂರೆನ್ಸ್ ಎಲ್ಲಿಯವರೆಗೆ ಇದೆ ಎಂಬುದು ಅಲ್ಲೇ ತಿಳಿಯುತ್ತದೆ. ಟ್ರಾಫಿಕ್ ದಂಡ ಎಷ್ಟು ಬಾಕಿಯಿದೆ ಎಂಬುದನ್ನೂ ಅದೇ ನಂಬರಿನಿಂದ ನೋಡಬಹುದು. ಹೆಲ್ಮೆಟ್ ಇಲ್ಲದ್ದು, ಸಿಗ್ನಲ್ ಹಾರಿದ್ದು ಎಂದು ಸಾವಿರಾರು ರೂಪಾಯಿ ಹೊತ್ತ ಗಾಡಿಗಳಿವೆ. ಅದನ್ನು ಮಾರುವವನೇ ಕಟ್ಟಿ ರಸೀದಿ ತೋರಿಸಲಿ. ಸಾಲದ ಮೇಲೆ ಕೊಂಡ ಬೈಕಾದರೆ ಆರ್‌ಸಿಯಲ್ಲಿ ಫೈನಾನ್ಸ್‌ನವರ ಹೆಸರಿರುತ್ತದೆ. ‘ಸಾಲ ತೀರಿದೆ, ಹೆಸರು ತೆಗೆಸಿಲ್ಲ ಅಷ್ಟೇ’ ಎಂದರೆ ಫೈನಾನ್ಸ್‌ನವರ ಎನ್‌ಓಸಿ ಮತ್ತು ಸಹಿಯಾದ 35ನೇ ಫಾರಂ ನಿನ್ನ ಕೈಗೆ ಬರುವವರೆಗೂ ಕಾಸು ಬಿಚ್ಚಬೇಡ.

ಹೆಸರು ಬದಲಾಯಿಸುವುದಕ್ಕೆ 29 ಮತ್ತು 30ನೇ ಫಾರಂಗಳು ಬೇಕು. ಮಾರಿದವನು ಹದಿನಾಲ್ಕು ದಿನದೊಳಗೆ ಆರ್‌ಟಿಓಗೆ ತಿಳಿಸಬೇಕು, ಕೊಂಡವನು ಮೂವತ್ತು ದಿನದೊಳಗೆ ಅರ್ಜಿ ಹಾಕಬೇಕು ಎನ್ನುತ್ತದೆ ಮೋಟಾರು ವಾಹನ ಕಾಯ್ದೆ. ನಮ್ಮಲ್ಲಿ ಬಹಳ ಜನ ಸಹಿ ಹಾಕಿದ ಖಾಲಿ ಫಾರಂ ಇಸಕೊಂಡು ಬೀರುವಿನಲ್ಲಿಟ್ಟು ವರ್ಷಗಟ್ಟಲೆ ಓಡಿಸುತ್ತಾರೆ. ಇದು ಎಷ್ಟು ಅಪಾಯ ಎಂದು ಇಬ್ಬರಿಗೂ ಗೊತ್ತಿರುವುದಿಲ್ಲ. ಕೈಯಿಂದ ಕೈಗೆ ಮಾರಾಟವಾಗಿ, ಆರ್‌ಸಿ ಮಾತ್ರ ಮೊದಲಿನವನ ಹೆಸರಲ್ಲೇ ಉಳಿದಿದ್ದ ಕಾರೊಂದು ಅಪಘಾತ ಮಾಡಿತ್ತು. ದಾಖಲೆಯಲ್ಲಿ ಹೆಸರಿರುವವನೇ ಮಾಲೀಕ, ಪರಿಹಾರದ ಹೊಣೆ ಅವನದೇ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ‘ನಿಧಾನಕ್ಕೆ ಮಾಡಿಸಿಕೊಳ್ಳಪ್ಪ’ ಎನ್ನುವ ಮಾರಾಟಗಾರನಿಗೆ ಈ ಸಂಗತಿ ಹೇಳು, ಅವನೇ ಅವಸರ ಮಾಡುತ್ತಾನೆ.

ಇನ್ಶೂರೆನ್ಸ್ ವಿಷಯದಲ್ಲಿ ನಿನ್ನ ಫೋಟೋದ ಬೈಕಿಗೇ ಒಂದು ಪ್ರಶ್ನೆ ಇದೆ. 2018ರ ಸೆಪ್ಟೆಂಬರ್‌ನಿಂದ ಹೊಸ ದ್ವಿಚಕ್ರ ವಾಹನಕ್ಕೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯವಾಗಿದೆ. 2020ರಲ್ಲಿ ಕೊಂಡ ಬೈಕಿನ ಆ ಐದು ವರ್ಷ 2025ಕ್ಕೆ ಮುಗಿಯಿತು. ಆಮೇಲೆ ಕಟ್ಟಿದ್ದಾರೆಯೇ ಕೇಳು. ಚಾಲ್ತಿಯಲ್ಲಿದ್ದರೂ ಪಾಲಿಸಿಯನ್ನು ನಿನ್ನ ಹೆಸರಿಗೆ ಮಾಡಿಸಿಕೊಳ್ಳಬೇಕು. ಅವನ ನೋ ಕ್ಲೇಮ್ ಬೋನಸ್ ನಿನಗೆ ಬರುವುದಿಲ್ಲ. ತಮಿಳುನಾಡು, ಪುದುಚೇರಿ ನಂಬರಿನ ಗಾಡಿ ಅಗ್ಗಕ್ಕೆ ಕಂಡರೂ ಹತ್ತಿರ ಹೋಗಬೇಡ. ಎನ್‌ಓಸಿ ತರಿಸಿ, ಇಲ್ಲಿ ಮತ್ತೆ ತೆರಿಗೆ ಕಟ್ಟಿ, ಹೊಸ ನಂಬರ್ ಹಾಕಿಸುವಷ್ಟರಲ್ಲಿ ಉಳಿದ ದುಡ್ಡೂ ಹೋಗಿರುತ್ತದೆ, ರಜೆಯೂ ಹೋಗಿರುತ್ತದೆ.

ಈಗ ಕಬ್ಬಿಣಕ್ಕೆ ಬರೋಣ. ಬೆಳಿಗ್ಗೆ ಹೋಗು, ಬೆಳಕಿರುವಾಗ. ‘ನಾನು ಬರುವವರೆಗೆ ಸ್ಟಾರ್ಟ್ ಮಾಡಬೇಡಿ’ ಎಂದು ಮೊದಲೇ ಫೋನಿನಲ್ಲಿ ಹೇಳು. ಹೋದ ಕೂಡಲೇ ಎಂಜಿನ್ನಿಗೆ ಕೈ ತಾಗಿಸಿ ನೋಡು. ಬೆಚ್ಚಗಿದ್ದರೆ ಏನನ್ನೋ ಮುಚ್ಚಿಡಲು ಆಗಲೇ ಸ್ಟಾರ್ಟ್ ಮಾಡಿರಬಹುದು, ಅಂಥದ್ದಕ್ಕೆ ಇನ್ನೊಂದು ದಿನ ಹೋಗು. ತಣ್ಣಗಿದ್ದ ಎಂಜಿನ್ ಮೊದಲ ಸಲ ಎದ್ದಾಗಲೇ ತನ್ನ ಕಷ್ಟ ಹೇಳಿಕೊಳ್ಳುತ್ತದೆ. ಸೈಲೆನ್ಸರಿನಿಂದ ನೀಲಿ ಹೊಗೆ ಬಂದು ನಿಲ್ಲದಿದ್ದರೆ ಆಯಿಲ್ ಸುಡುತ್ತಿದೆ ಎಂದರ್ಥ. ರಿಂಗೋ ವಾಲ್ವ್ ಸೀಲೋ ಹೋಗಿದೆ, ಹೆಡ್ ಬಿಚ್ಚದೆ ದಾರಿಯಿಲ್ಲ. ಚಳಿಗಾಲದ ಬೆಳಿಗ್ಗೆ ತುಸು ಬಿಳಿ ಆವಿ ಬಂದು ಮಾಯವಾದರೆ ಅದಕ್ಕೆ ಹೆದರಬೇಕಾಗಿಲ್ಲ. ಆಯಿಲ್ ಕ್ಯಾಪ್ ಬಿಚ್ಚಿ ನೋಡು. ಆಯಿಲ್ ಹಾಲು ಬೆರೆಸಿದ ಕಾಫಿ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಸೇರಿದೆ. ಮಳೆಗಾಲದಲ್ಲಿ ಬೇಸ್‌ಮೆಂಟಿನಲ್ಲಿ ಮುಳುಗಿದ ಗಾಡಿಗಳೂ ತೊಳೆಸಿಕೊಂಡು ಮಾರಾಟಕ್ಕೆ ನಿಲ್ಲುತ್ತವೆ.

ಮೀಟರನ್ನು ನಂಬಬೇಡ. ದಿನಕ್ಕೆ 40 ಕಿ.ಮೀ.ಯಂತೆ ವರ್ಷಕ್ಕೆ 300 ದಿನ ಓಡಿಸಿದರೂ ಐದು ವರ್ಷಕ್ಕೆ 60,000 ಆಗುತ್ತದೆ. ಮೀಟರ್ 22,000 ತೋರಿಸುತ್ತಿದ್ದು ಫುಟ್‌ರೆಸ್ಟಿನ ರಬ್ಬರ್ ನುಣ್ಣಗಾಗಿದ್ದರೆ, ಗೇರ್ ಲಿವರಿನ ರಬ್ಬರ್ ಎಡಗಾಲಿನ ಬೂಟಿಗೆ ಸವೆದು ತೂತಾಗಿದ್ದರೆ, ನಾನು ರಬ್ಬರಿನ ಮಾತನ್ನೇ ಕೇಳುತ್ತೇನೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಅಚ್ಚಾಗಿರುತ್ತದೆ. 1420 ಎಂದರೆ 2020ರ ಹದಿನಾಲ್ಕನೇ ವಾರ ತಯಾರಾದ ಟೈರು. 22,000 ಓಡಿದ ಬೈಕಿಗೆ ಎರಡು ಸಲ ಟೈರು ಬದಲಾಗಿದೆ ಎಂದರೆ ಯಾಕೆ ಎಂದು ಕೇಳು.

ಹಿಂದಿನ ಸ್ಪ್ರಾಕೆಟ್ ಹತ್ತಿರ ಬಗ್ಗಿ ಚೈನನ್ನು ಬೆರಳಲ್ಲಿ ಹಿಂದಕ್ಕೆ ಎಳೆ. ಹಲ್ಲಿನಿಂದ ಎದ್ದು ಬೆಳಕು ಕಾಣಿಸಿದರೆ ಚೈನ್ ಸೆಟ್ ಮುಗಿದಿದೆ. ಅದು ದೊಡ್ಡ ದೋಷವಲ್ಲ, ಬೆಲೆ ಇಳಿಸಲು ಕಾರಣ, ಅಷ್ಟೇ. ಚಾಸಿ ಹಾಗಲ್ಲ. ಹ್ಯಾಂಡಲ್ ಕೆಳಗೆ, ಚಾಸಿ ನಂಬರ್ ಕೊರೆದಿರುವ ಆ ಕತ್ತಿನ ಭಾಗದಲ್ಲಿ ಮೊಬೈಲ್ ಟಾರ್ಚ್ ಬಿಡು. ಮೊದಲು ನಂಬರನ್ನು ಆರ್‌ಸಿಗೆ ಹಿಡಿದು ಒಂದೊಂದು ಅಕ್ಷರವನ್ನೂ ತಾಳೆ ನೋಡು. ಆಮೇಲೆ ಬಣ್ಣ ನೋಡು. ಅಲ್ಲಿ ಮಾತ್ರ ಹೊಸ ಬಣ್ಣ, ಕಂಪನಿಯದಲ್ಲದ ವೆಲ್ಡಿಂಗ್, ಬಣ್ಣ ಸುಕ್ಕುಗಟ್ಟಿದ ಗೆರೆ, ಇವುಗಳಲ್ಲಿ ಒಂದು ಕಂಡರೂ ಆ ಬೈಕು ಎದುರಿನಿಂದ ಎಲ್ಲೋ ಗುದ್ದಿದೆ. ಎಷ್ಟೇ ಅಗ್ಗಕ್ಕೆ ಬಂದರೂ ಬೇಡ. ಬಾಗಿದ ಚಾಸಿಯನ್ನು ಕಂಪನಿಯಿಂದ ಬಂದ ಹಾಗೆ ಮಾಡಿಕೊಡುವ ಮೇಸ್ತ್ರಿಯನ್ನು ನಾನು ನೋಡಿಲ್ಲ.

ಮುಂದಿನ ಬ್ರೇಕ್ ಹಿಡಿದು ಬೈಕನ್ನು ಹಿಂದೆ ಮುಂದೆ ಅಲ್ಲಾಡಿಸು. ಹ್ಯಾಂಡಲ್ ಬುಡದಲ್ಲಿ ಕಟಕಟ ಎಂದರೆ ಕೋನ್ ಸೆಟ್ ಸಡಿಲವಾಗಿದೆ ಅಥವಾ ಸವೆದಿದೆ. ಫೋರ್ಕಿನ ಪೈಪಿನ ಮೇಲೆ ಬೆರಳಾಡಿಸಿ ಎಣ್ಣೆ ಅಂಟಿದರೆ ಸೀಲ್ ಹೋಗಿದೆ. ಇವೆಲ್ಲ ಸರಿಪಡಿಸುವಂಥವು.

ನಿನ್ನ ದಾರಿ ನನಗೆ ಗೊತ್ತು. ಮೈಸೂರಿನಿಂದ ನಂಜನಗೂಡಿಗೆ ಹೋಗಿ ಬರಲು ದಿನಕ್ಕೆ ಹತ್ತಿರಹತ್ತಿರ 50 ಕಿ.ಮೀ., ಅದೂ ಲಾರಿ, ಬಸ್ಸುಗಳ ನಡುವೆ. ಹಾಗಾಗಿ ಎಬಿಎಸ್ ಇರುವ ಬೈಕನ್ನೇ ತಗೋ ಎಂದು ಒತ್ತಿ ಹೇಳುತ್ತೇನೆ. 125 ಸಿಸಿಗಿಂತ ದೊಡ್ಡ ಬೈಕುಗಳೆಲ್ಲಕ್ಕೂ 2019ರ ಏಪ್ರಿಲ್‌ನಿಂದ ಅದು ಕಡ್ಡಾಯ, ಅದಕ್ಕೂ ಹಳೆಯದನ್ನು ನೋಡಲೇಬೇಡ. ಮಳೆ ಬಿದ್ದ ರಸ್ತೆಯಲ್ಲಿ ಗಾಬರಿಯಿಂದ ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿಕೊಳ್ಳದಂತೆ ನೋಡಿಕೊಳ್ಳುವುದು ಅದೇ. ಅದು ಕೆಲಸ ಮಾಡುತ್ತಿದೆಯೇ ಎಂದು ನೋಡುವುದು ಸುಲಭ. ಕೀ ತಿರುಗಿಸಿದಾಗ ಎಬಿಎಸ್ ದೀಪ ಹತ್ತಬೇಕು, ಬೈಕು ನಾಲ್ಕು ಮಾರು ಓಡಿದ ಮೇಲೆ ಆರಬೇಕು. ಆರದಿದ್ದರೆ ದೋಷವಿದೆ. ಹತ್ತಲೇ ಇಲ್ಲವಾದರೆ ದೋಷ ಕಾಣಬಾರದೆಂದು ಯಾರೋ ದೀಪವನ್ನೇ ತೆಗೆದಿರಬಹುದು.

ಹಳೇ ಆರ್‌ಎಕ್ಸ್ 100 ಬೈಕಿನ ಬಗ್ಗೆಯೂ ಕೇಳಿದ್ದೀಯ. ಅದರ ಮೇಲೆ ನನಗೂ ಪ್ರೀತಿಯೇ, ನಮ್ಮ ಮೈಸೂರಿನಲ್ಲೇ ತಯಾರಾಗುತ್ತಿದ್ದ ಹಳೇ ಯೆಜ್ಡಿ ಬೈಕಿನ ಮೇಲಿರುವಷ್ಟೇ ಪ್ರೀತಿ. ಆದರೆ ಆ ಎರಡರ ತಯಾರಿಕೆಯೂ 1996ರಲ್ಲೇ ನಿಂತುಹೋಯಿತು. ಹದಿನೈದು ವರ್ಷ ದಾಟಿದ ಗಾಡಿಗೆ ಐದೈದು ವರ್ಷಕ್ಕೊಮ್ಮೆ ಎಫ್‌ಸಿ ಮಾಡಿಸಬೇಕು, ಬಿಡಿಭಾಗಕ್ಕೆ ಅಲೆಯಬೇಕು. ಬೆಳಿಗ್ಗೆ ಶಿಫ್ಟಿಗೆ ಹೊರಡುವವನಿಗೆ ಅದು ಬೇಡ.

ಓಡಿಸಿ ನೋಡಲು ಗಲ್ಲಿಯೊಳಗಿನ ಒಂದು ಸುತ್ತು ಸಾಲದು. ಐದಾರು ಕಿ.ಮೀ. ಹೋಗು, ಒಂದು ಏರು ಹತ್ತಿಸು. ಟಾಪ್ ಗೇರಿನಲ್ಲಿ ಆಕ್ಸಿಲರೇಟರ್ ಕೊಟ್ಟಾಗ ಎಂಜಿನ್ ಕೂಗಿ ಬೈಕು ಮುಂದೆ ಹೋಗದಿದ್ದರೆ ಕ್ಲಚ್ ಪ್ಲೇಟ್ ಸವೆದಿದೆ. ನೇರ ರಸ್ತೆಯಲ್ಲಿ ಬೈಕು ತಾನಾಗಿ ಒಂದು ಕಡೆಗೆ ಎಳೆದರೆ ಮತ್ತೆ ಆ ಚಾಸಿಯ ಕತ್ತನ್ನು ನೋಡು. ಮಾತುಕತೆಗೆ ಮುಂಚೆ ಒಬ್ಬ ಮೆಕ್ಯಾನಿಕ್ಕನನ್ನು ಕರೆದುಕೊಂಡು ಹೋಗಿ ಅವನ ಕೂಲಿ ನೀನೇ ಕೊಡು. ಬ್ರೋಕರಿನಿಂದ ಕಮಿಷನ್ ಪಡೆಯುವ ಮೆಕ್ಯಾನಿಕ್ ನಿನ್ನ ಕಡೆ ಮಾತಾಡುವುದಿಲ್ಲ.

ನಿನ್ನ ಹತ್ತಿರ 60,000 ಇದ್ದರೆ 50,000ದ ಬೈಕು ನೋಡು. ಉಳಿದದ್ದು ಬೇಕಾಗುತ್ತದೆ. ಮನೆಗೆ ತಂದ ದಿನವೇ ಎಂಜಿನ್ ಆಯಿಲ್, ಏರ್ ಫಿಲ್ಟರ್, ಬ್ರೇಕ್ ಪ್ಯಾಡ್ ಬದಲಾಯಿಸಿಬಿಡು, ಟೈರು ಹಳೆಯದಾಗಿದ್ದರೆ ಅದನ್ನೂ. ಐಎಸ್‌ಐ ಗುರುತಿನ ಹೆಲ್ಮೆಟ್ ಎರಡು ತಗೋ. ಕೊಂಡ ಮೊದಲ ಭಾನುವಾರವೇ ನನ್ನ ಅಕ್ಕನನ್ನು, ಅದೇ ನಿನ್ನ ಅಮ್ಮನನ್ನು, ಹಿಂದೆ ಕೂರಿಸಿಕೊಂಡು ದೇವಸ್ಥಾನಕ್ಕೆ ಹೊರಡುತ್ತೀಯ ಎಂದು ನನಗೆ ಗೊತ್ತು, ಎರಡನೆಯದು ಅವಳ ಅಳತೆಗಿರಲಿ.

ಇಂತಿ ನಿನ್ನ ಮಾವ