ಯಾರ ಸಾಲು ಮೊದಲು? – ಹಲವು ಕಂಪ್ಯೂಟರ್‌ಗಳ ಔಟ್‌ಪುಟ್ ಕ್ರಮಗೊಳಿಸುವ ಪಾಠ: ಒಂದು ಬೋಧನಾನುಭವ

ಬೋಧನಾಭ್ಯಾಸದ ಅವಧಿಯಲ್ಲಿ ಪ್ರಥಮ ಪಿಯುಸಿ ಕಂಪ್ಯೂಟರ್ ವಿಜ್ಞಾನದ ಮಕ್ಕಳಿಗೆ ಪಠ್ಯದಾಚೆಗಿನ ಒಂದು ವಿಷಯವನ್ನು ಮೂರು ಅವಧಿಗಳಲ್ಲಿ ಕಲಿಸುವ ಅವಕಾಶ ನನಗೆ ಸಿಕ್ಕಿತು. ನಾನು ಆರಿಸಿಕೊಂಡದ್ದು ಸಮಾಂತರ ಪ್ರೋಗ್ರಾಮಿಂಗ್. ಮೊದಲ ಅವಧಿಯಲ್ಲಿ ನಾನು ಒಂದು ತಪ್ಪನ್ನು ಆತ್ಮವಿಶ್ವಾಸದಿಂದ ಕಲಿಸಿದೆ. ಎರಡನೇ ಅವಧಿಯಲ್ಲಿ ಅದು ತರಗತಿಯ ಎದುರೇ ಬಯಲಾಯಿತು. ಇದೇ ಪಾಠವನ್ನು ಮುಂದೆ ಕಲಿಸುವ ಸಹಪಾಠಿಗಳಿಗೆ ನೆರವಾಗಲೆಂದು ಈ ಲೇಖನ.

ಪೂರ್ವಜ್ಞಾನ ಮತ್ತು ಸಿದ್ಧತೆ

ಮಕ್ಕಳಿಗೆ ಪೈಥಾನ್‌ನ ಪ್ರಿಂಟ್, ಲೂಪ್ ಮತ್ತು ಷರತ್ತು ಹೇಳಿಕೆಗಳು ಗೊತ್ತಿದ್ದವು. ಪ್ರಯೋಗಾಲಯದ ನಾಲ್ಕು ಕಂಪ್ಯೂಟರ್‌ಗಳನ್ನು ಒಂದು ಸ್ವಿಚ್‌ಗೆ ಜೋಡಿಸಿ, ಎಂಪಿಐ ಮತ್ತು ಅದನ್ನು ಪೈಥಾನ್‌ನಿಂದ ಬಳಸಲು ಬೇಕಾದ ಎಂಪಿಐ4ಪೈ ಹಾಕಿದ್ದೆ. ಎಂಪಿಐ ಎಂದರೆ ಬೇರೆ ಬೇರೆ ಪ್ರಕ್ರಿಯೆಗಳು ಪರಸ್ಪರ ಸಂದೇಶ ಕಳಿಸಿಕೊಳ್ಳಲು ಇರುವ ಮಾನಕ. ಅದರ ಮೊದಲ ಆವೃತ್ತಿ ಬಂದದ್ದು 1994ರಲ್ಲಿ. ಪ್ರತಿ ಪ್ರಕ್ರಿಯೆಗೂ 0, 1, 2, 3 ಹೀಗೆ ಒಂದು ಸಂಖ್ಯೆ ಇರುತ್ತದೆ. ಅದಕ್ಕೆ ರ‍್ಯಾಂಕ್ ಎನ್ನುತ್ತಾರೆ. ಹಾಜರಿ ಪುಸ್ತಕದ ಕ್ರಮಸಂಖ್ಯೆಯಂತೆ ಎಂದು ಹೇಳಿದಾಗ ಮಕ್ಕಳಿಗೆ ತಕ್ಷಣ ಅರ್ಥವಾಯಿತು.

ಮೊದಲ ಅವಧಿ: ಲೆಕ್ಕ ಸರಿ, ಸಾಲು ಅದಲುಬದಲು

ಸಮಸ್ಯೆ ಸರಳವಾಗಿತ್ತು: 1ರಿಂದ 1000ದವರೆಗಿನ ಸಂಖ್ಯೆಗಳ ಮೊತ್ತ. ನಾಲ್ಕು ಕಂಪ್ಯೂಟರ್‌ಗಳಿಗೆ ತಲಾ 250 ಸಂಖ್ಯೆ ಹಂಚಿ, ತಂತಮ್ಮ ಭಾಗದ ಮೊತ್ತವನ್ನು ಮುದ್ರಿಸುವಂತೆ ಬರೆದೆವು. ಉತ್ತರಗಳು ಕ್ರಮವಾಗಿ 31375, 93875, 156375, 218875. ಒಟ್ಟು 500500.

ಪರದೆಯ ಮೇಲೆ ಮೊದಲು ಬಂದದ್ದು 2ರ ಸಾಲು, ಆಮೇಲೆ 0, 3, 1. ಮತ್ತೆ ಓಡಿಸಿದಾಗ ಬೇರೆ ಕ್ರಮ. ಒಬ್ಬ ವಿದ್ಯಾರ್ಥಿನಿ ಪುಸ್ತಕದಲ್ಲಿ 'ಪ್ರೋಗ್ರಾಂ ತಪ್ಪಾಗಿದೆ' ಎಂದು ಬರೆದುಕೊಂಡಳು. ಇಲ್ಲಿ ನಿಂತು ಎರಡು ಪ್ರಶ್ನೆಗಳನ್ನು ಬೇರ್ಪಡಿಸಬೇಕಾಯಿತು. ಉತ್ತರ ಸರಿಯೇ? ಹೌದು, ಯಾವ ಕ್ರಮದಲ್ಲಿ ಕೂಡಿದರೂ 500500 ಬರುತ್ತದೆ. ಸಾಲುಗಳ ಕ್ರಮ ನಿಶ್ಚಿತವೇ? ಇಲ್ಲ. ಒಂದು ಪ್ರಕ್ರಿಯೆಯ ಸಾಲುಗಳು ತಮ್ಮೊಳಗೆ ಕ್ರಮವಾಗಿಯೇ ಬರುತ್ತವೆ. ಬೇರೆ ಬೇರೆ ಪ್ರಕ್ರಿಯೆಗಳ ಸಾಲುಗಳ ನಡುವೆ ಯಾರೂ ಕ್ರಮ ನಿಗದಿ ಮಾಡಿಲ್ಲ.

ಪರಿಹಾರವೆಂದು ನಾನು ಬ್ಯಾರಿಯರ್ ಪರಿಚಯಿಸಿದೆ. ಎಲ್ಲ ಪ್ರಕ್ರಿಯೆಗಳೂ ಆ ಸಾಲಿಗೆ ಬಂದು ತಲುಪುವವರೆಗೆ ಯಾರೂ ಮುಂದೆ ಹೋಗುವಂತಿಲ್ಲ ಎಂಬುದು ಅದರ ನಿಯಮ. 0ಯಿಂದ 3ರವರೆಗೆ ಲೂಪ್ ಬರೆದು, 'ನನ್ನ ಸರದಿಯಾದರೆ ಮುದ್ರಿಸು, ನಂತರ ಎಲ್ಲರೂ ಬ್ಯಾರಿಯರ್‌ನಲ್ಲಿ ಕಾಯಿರಿ' ಎಂದು ಸೂಚಿಸಿದೆವು. ಮೂರು ಸಲ ಓಡಿಸಿದೆ, ಮೂರು ಸಲವೂ 0, 1, 2, 3. 'ಇನ್ನು ಕ್ರಮ ತಪ್ಪುವುದಿಲ್ಲ' ಎಂದು ಕಪ್ಪುಹಲಗೆಯ ಮೇಲೆ ಬರೆದು ಅಡಿಗೆರೆ ಎಳೆದೆ.

ಎರಡನೇ ಅವಧಿ: ಚೀಟಿ ತಂದವರು ಕಾದರೇ?

ಮರುದಿನ ಪುನರಾವರ್ತನೆಗೆಂದು ಅದೇ ಪ್ರೋಗ್ರಾಂ ಓಡಿಸಿದೆ. ಪರದೆಯಲ್ಲಿ 0, 2, 1, 3. ಮಕ್ಕಳು ನಕ್ಕರು. ನನ್ನ ಬಳಿ ಉತ್ತರವಿರಲಿಲ್ಲ. ಹಿಂದಿನ ಬೆಂಚಿನಲ್ಲಿ ಕುಳಿತು ಅವಲೋಕನ ಪುಸ್ತಕ ಬರೆಯುತ್ತಿದ್ದ ಮಾರ್ಗದರ್ಶಕರತ್ತ ನೋಡಿದೆ. ಅವರು ತಲೆ ಎತ್ತಲಿಲ್ಲ. 'ಯಾಕೆ ಹೀಗಾಯಿತೆಂದು ನಾವೇ ಕಂಡುಹಿಡಿಯೋಣ' ಎಂದು ಹೇಳಿ, ಮೂರನೇ ಅವಧಿಗೆ ಇಟ್ಟುಕೊಂಡಿದ್ದ ಚಟುವಟಿಕೆಯನ್ನು ಅಂದೇ ಶುರುಮಾಡಿದೆ.

ನಾಲ್ವರು ಮಕ್ಕಳು ಕೋಣೆಯ ನಾಲ್ಕು ಮೂಲೆಗಳಲ್ಲಿ ನಿಂತರು, ಅವರು ಪ್ರಕ್ರಿಯೆಗಳು. ಪ್ರತಿಯೊಬ್ಬರಿಗೂ ಒಬ್ಬ ಅಂಚೆಯವ. ಕಪ್ಪುಹಲಗೆಯೇ ಪರದೆ, ಬಂದ ಚೀಟಿಯನ್ನು ಬಂದ ಹಾಗೆ ಬರೆಯಲು ಅಲ್ಲೊಬ್ಬ ಹುಡುಗ. ಸರದಿ ಬಂದ ಪ್ರಕ್ರಿಯೆ ತನ್ನ ಮೊತ್ತದ ಚೀಟಿಯನ್ನು ಅಂಚೆಯವನಿಗೆ ಕೊಟ್ಟು ಕೈ ಎತ್ತಬೇಕು. ನಾಲ್ಕೂ ಕೈ ಮೇಲೆದ್ದಾಗ ನಾನು ಚಪ್ಪಾಳೆ ತಟ್ಟುತ್ತೇನೆ, ಅದೇ ಬ್ಯಾರಿಯರ್. ಚಪ್ಪಾಳೆಯಾದ ಮೇಲೆ ಮುಂದಿನವರ ಸರದಿ.

1ರ ಅಂಚೆಯವನು ಬೆಂಚುಗಳನ್ನು ಸುತ್ತಿಕೊಂಡು ಬರಬೇಕಿತ್ತು. 2ರ ಅಂಚೆಯವಳಿಗೆ ದಾರಿ ಹತ್ತಿರ. ಹಲಗೆಯ ಮೇಲೆ 0, 2, 1, 3 ಎಂದೇ ಮೂಡಿತು. ಆಗ ಎರಡನೇ ಬೆಂಚಿನ ಹುಡುಗನೊಬ್ಬ ಕೇಳಿದ: 'ಮಿಸ್, ಚೀಟಿ ಬರೆದವರು ಕಾದರು ಸರಿ. ಚೀಟಿ ತಂದವರು ಕಾದರಾ?'

ಇಡೀ ಪಾಠದ ತಿರುಳು ಆ ಪ್ರಶ್ನೆಯಲ್ಲಿತ್ತು. ಬ್ಯಾರಿಯರ್ ತಡೆಯುವುದು ಪ್ರಕ್ರಿಯೆಗಳನ್ನು. ಮುದ್ರಿಸಿದ ಅಕ್ಷರಗಳು ಬೇರೆ ದಾರಿಯಲ್ಲಿ ಸಾಗುತ್ತವೆ: ಪ್ರಕ್ರಿಯೆಯಿಂದ ಆ ಕಂಪ್ಯೂಟರಿನಲ್ಲಿರುವ ಎಂಪಿಐನ ಸಹಾಯಕ ಪ್ರೋಗ್ರಾಂಗೆ, ಅಲ್ಲಿಂದ ನೆಟ್‌ವರ್ಕ್ ಮೂಲಕ ನಾವು ಎಂಪಿಐರನ್ ಆದೇಶ ಕೊಟ್ಟ ಕಂಪ್ಯೂಟರಿಗೆ, ಕೊನೆಗೆ ಪರದೆಗೆ. ಆ ದಾರಿಯ ಮೇಲೆ ಬ್ಯಾರಿಯರ್‌ಗೆ ಹಿಡಿತವಿಲ್ಲ.

ನಂತರ ನಿಯಮ ಬದಲಿಸಿದೆ: ಲಕೋಟೆ ತುಂಬುವವರೆಗೆ ಅಥವಾ ಕೆಲಸ ಮುಗಿಯುವವರೆಗೆ ಅಂಚೆಯವರು ಹೊರಡುವಂತಿಲ್ಲ. ಇದು ಬಫರ್. ಔಟ್‌ಪುಟ್ ನೇರವಾಗಿ ಟರ್ಮಿನಲ್‌ಗೆ ಹೋಗದೆ ಪೈಪ್ ಅಥವಾ ಕಡತಕ್ಕೆ ಹೋಗುವಾಗ ಪೈಥಾನ್ ಸಾಲುಗಳನ್ನು ಹೀಗೆಯೇ ಕೂಡಿಟ್ಟುಕೊಳ್ಳುತ್ತದೆ. ಆಗ ಎಷ್ಟು ಚಪ್ಪಾಳೆ ತಟ್ಟಿದರೂ ಪ್ರಯೋಜನವಿಲ್ಲ. ಪ್ರಿಂಟ್‌ಗೆ ಫ್ಲಶ್ ಸೇರಿಸಿದರೆ ಲಕೋಟೆ ಬೇಗ ಹೊರಡುತ್ತದೆ. ದಾರಿಯಲ್ಲಿ ಆಗುವ ತಡ ಹಾಗೆಯೇ ಉಳಿಯುತ್ತದೆ.

ಅವಧಿ ಮುಗಿಯುವ ಮೊದಲು ಹಿಂದಿನ ದಿನದ ವಾಕ್ಯವನ್ನು ಹಲಗೆಯ ಮೇಲೆ ಮತ್ತೆ ಬರೆದು, ಅದರ ಮೇಲೆ ಗೆರೆ ಎಳೆದು, ಮಕ್ಕಳ ಪುಸ್ತಕದಲ್ಲೂ ತಿದ್ದಿಸಿದೆ.

ಮೂರನೇ ಅವಧಿ: ಹಾಜರಿ ಕರೆಯುವ ವಿಧಾನ

'ಹಾಜರಿ ಕರೆಯುವಾಗ ಎಲ್ಲರೂ ಒಟ್ಟಿಗೆ ಕೂಗಿದರೆ ಏನಾಗುತ್ತದೆ?' ಎಂದು ಕೇಳಿದೆ. ಪರಿಹಾರವನ್ನು ಮಕ್ಕಳೇ ಹೇಳಿದರು: ಒಬ್ಬರು ಕ್ರಮವಾಗಿ ಕರೆಯಬೇಕು, ಬರೆಯುವವರೂ ಅವರೊಬ್ಬರೇ ಆಗಿರಬೇಕು.

ಪ್ರೋಗ್ರಾಮಿನಲ್ಲಿ ಆ ಕೆಲಸ ರ‍್ಯಾಂಕ್ 0ಯದು. ಉಳಿದವರು ಮುದ್ರಿಸುವ ಬದಲು ತಮ್ಮ ಸಾಲನ್ನು 0ಗೆ ಸಂದೇಶವಾಗಿ ಕಳಿಸುತ್ತಾರೆ. 0 ಮೊದಲು ತನ್ನ ಸಾಲು ಮುದ್ರಿಸಿ, ಆಮೇಲೆ 1ರಿಂದಲೇ ಬರಬೇಕೆಂದು ಹೇಳಿ ಸ್ವೀಕರಿಸಿ ಮುದ್ರಿಸುತ್ತದೆ; ನಂತರ 2, ನಂತರ 3. 2ರ ಸಂದೇಶ ಮೊದಲೇ ಬಂದರೆ ಅದು ಕಾಯುತ್ತದೆ. ಚಟುವಟಿಕೆಯಲ್ಲಿ ಹಲಗೆಯ ಹುಡುಗ ಅಂಥ ಚೀಟಿಯನ್ನು ಜೇಬಿಗೆ ಹಾಕಿಕೊಂಡ. ಗ್ಯಾದರ್ ಎಂಬ ಆದೇಶ ಇದನ್ನೇ ಒಂದೇ ಸಾಲಿನಲ್ಲಿ ಮಾಡುತ್ತದೆ: ಸಂದೇಶಗಳು ಯಾವಾಗ ಬಂದರೂ ಪಟ್ಟಿ ರ‍್ಯಾಂಕ್ ಕ್ರಮದಲ್ಲೇ ಇರುತ್ತದೆ. ಈಗ ಮುದ್ರಿಸುವವರು ಒಬ್ಬರೇ ಆದ್ದರಿಂದ ಕ್ರಮ ತಪ್ಪಲು ದಾರಿಯಿಲ್ಲ.

ಇದಕ್ಕೂ ಒಂದು ಬೆಲೆಯಿದೆ. 3ರ ಚೀಟಿಯನ್ನು ಬಚ್ಚಿಡುವಂತೆ ಒಬ್ಬಳಿಗೆ ಗುಟ್ಟಾಗಿ ಹೇಳಿದ್ದೆ. ಒಬ್ಬೊಬ್ಬರನ್ನೇ ಕರೆದಾಗ 0, 1, 2 ಬರೆದು ಹುಡುಗ ಕಾಯುತ್ತ ನಿಂತ. ಗ್ಯಾದರ್ ವಿಧಾನದಲ್ಲಿ ಹಲಗೆ ಖಾಲಿಯೇ ಉಳಿಯಿತು. ಒಂದು ಕಂಪ್ಯೂಟರ್ ಕೆಟ್ಟರೆ ಎಲ್ಲಿ ಕೆಟ್ಟಿತೆಂದು ತಿಳಿಯುವುದೇ ಕಷ್ಟ. ದೋಷ ಹುಡುಕುವಾಗ ಪ್ರತಿ ಪ್ರಕ್ರಿಯೆಯೂ ತನ್ನ ರ‍್ಯಾಂಕ್ ಇರುವ ಹೆಸರಿನ ಬೇರೆ ಕಡತಕ್ಕೆ ಬರೆಯುವುದು, ಅಥವಾ ಪ್ರತಿ ಸಾಲಿನ ಮುಂದೆ ರ‍್ಯಾಂಕ್ ಮತ್ತು ಸಾಲಿನ ಸಂಖ್ಯೆ ಹಾಕಿ ಆಮೇಲೆ ವಿಂಗಡಿಸುವುದು ಮೇಲು.

'ಸಮಯ ಬರೆದು ವಿಂಗಡಿಸಬಹುದಲ್ವಾ ಮಿಸ್?' ಎಂದು ಒಬ್ಬಳು ಕೇಳಿದಳು. ನಾಲ್ವರ ಕೈಗಡಿಯಾರ ನೋಡಿದೆವು, ಎರಡು ಹೊಂದಲಿಲ್ಲ. ಕಂಪ್ಯೂಟರ್‌ಗಳ ಗಡಿಯಾರಗಳೂ ಹಾಗೆಯೇ. ಇದಕ್ಕೆ ಲೆಸ್ಲಿ ಲ್ಯಾಂಪೋರ್ಟ್ 1978ರಲ್ಲಿ ಒಂದು ದಾರಿ ಸೂಚಿಸಿದರು. ಪ್ರತಿ ಪ್ರಕ್ರಿಯೆಯೂ ಒಂದು ಎಣಿಕೆ ಇಟ್ಟುಕೊಂಡು ಪ್ರತಿ ಘಟನೆಗೂ ಒಂದು ಹೆಚ್ಚಿಸುತ್ತದೆ. ಸಂದೇಶದ ಜೊತೆ ಎಣಿಕೆಯನ್ನೂ ಕಳಿಸುತ್ತದೆ. ಪಡೆದವರು ತಮ್ಮದು ಮತ್ತು ಬಂದದ್ದರಲ್ಲಿ ದೊಡ್ಡದಕ್ಕೆ ಒಂದು ಸೇರಿಸುತ್ತಾರೆ. ನನ್ನ ಎಣಿಕೆ 1, ಬಂದದ್ದು 3 ಎಂದರೆ ಈಗ ನನ್ನದು 4. ಹೀಗಾಗಿ ಕಳಿಸಿದ ಘಟನೆಯ ಸಂಖ್ಯೆ ಪಡೆದ ಘಟನೆಗಿಂತ ಯಾವಾಗಲೂ ಚಿಕ್ಕದು. ಆದರೆ ಸಂಖ್ಯೆ ಚಿಕ್ಕದಿದ್ದ ಮಾತ್ರಕ್ಕೆ ಆ ಘಟನೆ ಮೊದಲು ನಡೆಯಿತೆಂದು ಹೇಳಲಾಗದು. ಇದನ್ನು ಒತ್ತಿ ಹೇಳಿದೆ.

ಮೌಲ್ಯಮಾಪನ

ಮೂರು ಪ್ರಶ್ನೆ ಕೊಟ್ಟೆ. (1) ಸಾಲುಗಳು ಅದಲುಬದಲಾದರೆ ಮೊತ್ತವೂ ತಪ್ಪೇ? (2) ಬ್ಯಾರಿಯರ್ ಇದ್ದರೂ ಕ್ರಮ ತಪ್ಪುವುದೇಕೆ? (3) ರ‍್ಯಾಂಕ್ 0 ಮಾತ್ರ ಮುದ್ರಿಸುವುದರ ಒಂದು ಅನುಕೂಲ, ಒಂದು ಅನನುಕೂಲ ಬರೆಯಿರಿ. ಎರಡನೆಯದಕ್ಕೆ ಬಹುತೇಕ ಮಕ್ಕಳು ಅಂಚೆಯವನ ಚಿತ್ರ ಬರೆದೇ ಉತ್ತರಿಸಿದ್ದರು.

ನಾನು ಕಲಿತದ್ದು

ಮೂರು ಸಲ ಸರಿಯಾಗಿ ಬಂದದ್ದನ್ನು ನಾನು ನಿಯಮವೆಂದು ನಂಬಿದೆ. ಸಮಾಂತರ ಪ್ರೋಗ್ರಾಮಿನಲ್ಲಿ 'ಬಂತು' ಎನ್ನುವುದಕ್ಕೂ 'ಬಂದೇ ಬರುತ್ತದೆ' ಎನ್ನುವುದಕ್ಕೂ ಬಹಳ ಅಂತರವಿದೆ. ಮತ್ತೆ ಕಲಿಸುವಾಗ ಅಂಚೆಯವರ ಚಟುವಟಿಕೆಯನ್ನು ಮೊದಲ ದಿನವೇ ಮಾಡಿಸುತ್ತೇನೆ. ಬ್ಯಾರಿಯರ್ ಪ್ರೋಗ್ರಾಂ ಎಲ್ಲಿ ಸೋಲಬಹುದೆಂದು ಓಡಿಸುವ ಮೊದಲೇ ಊಹಿಸಲು ಹೇಳುತ್ತೇನೆ.

ಅವಲೋಕನ ಪುಸ್ತಕದಲ್ಲಿ ಮಾರ್ಗದರ್ಶಕರು ಆ ದಿನದ ಎದುರು ಬರೆದದ್ದು ಒಂದೇ ಸಾಲು: 'ತಪ್ಪನ್ನು ಹಲಗೆಯ ಮೇಲೆಯೇ ತಿದ್ದಿದ್ದೀರಿ, ಸಂತೋಷ. ಮುಂದಿನ ಸಲ ಪ್ರೋಗ್ರಾಮನ್ನು ಮೂರಲ್ಲ, ಮೂವತ್ತು ಸಲ ಓಡಿಸಿ ಬನ್ನಿ.' ಓಡಿಸಿ ನೋಡಿದೆ. ಬ್ಯಾರಿಯರ್ ಪ್ರೋಗ್ರಾಂ ಮೂವತ್ತರೊಳಗೆ ಮತ್ತೆ ಕ್ರಮ ತಪ್ಪಿತು. ಹಾಜರಿ ಕರೆಯುವ ಪ್ರೋಗ್ರಾಂ ಒಮ್ಮೆಯೂ ತಪ್ಪಲಿಲ್ಲ. ಈ ಸಲ ಯಾಕೆ ತಪ್ಪುವುದಿಲ್ಲ ಎನ್ನುವುದೂ ನನಗೆ ಗೊತ್ತಿತ್ತು.